ಡೆಡಮ್‌ನ ಎಂಟು ತಲೆಮಾರಿನ ಮನೆ: ಅಮ್ಮನ ಜೊತೆ ನಾಲ್ಕು ದಿನ

ಮೊದಲ ದಿನ: ಕ್ವಿನ್ಸಿ

ಅಮ್ಮನಿಗೆ ಊರು ನೋಡುವುದೆಂದರೆ ಮನೆ ನೋಡುವುದು. ದೇವಸ್ಥಾನಕ್ಕೆ ಹೋದರೂ ಪಕ್ಕದ ಹಳೇ ಮನೆಯ ಜಗಲಿ ಇಣುಕದೆ ಬರುವವಳಲ್ಲ. ನಾವಿಬ್ಬರೂ ಬಾಸ್ಟನ್ ಹತ್ತಿರದ ಅಕ್ಕನ ಮನೆಗೆ ಬಂದು ಎರಡು ವಾರವಾಗಿತ್ತು. ಭಾವ ಸಮುದ್ರ, ಎತ್ತರದ ಕಟ್ಟಡ, ಹಾರ್ವರ್ಡ್ ಎಲ್ಲ ತೋರಿಸಿದ್ದರು. ಅಮ್ಮ ಎಲ್ಲದಕ್ಕೂ "ಚೆನ್ನಾಗಿದೆ" ಅಂದಿದ್ದಳು, ಅಷ್ಟೆ. ಒಂದು ರಾತ್ರಿ ಊಟಕ್ಕೆ ಕೂತಾಗ ಕೇಳಿದಳು: "ಇಲ್ಲಿ ಹಳೇ ಕಾಲದ ರೈತರ ಮನೆ ಒಂದೂ ಉಳಿದಿಲ್ವಾ?"

ಉಳಿದಿವೆ, ಜಾಸ್ತಿನೇ ಉಳಿದಿವೆ. ಮ್ಯಾಸಚೂಸೆಟ್ಸ್ ಇಂಗ್ಲಿಷರ ವಸಾಹತಾಗಿದ್ದ ಕಾಲದ ಮರದ ಮನೆಗಳು ಬಾಸ್ಟನ್ ಸುತ್ತಮುತ್ತ ಅಲ್ಲಲ್ಲಿ ಇವೆ. ಭಾವ ರಜೆ ಹಾಕಿದರು. ನಾಲ್ಕು ದಿನ, ನಾಲ್ಕು ಮನೆ ಎಂದು ಲೆಕ್ಕವಾಯಿತು.

ಮೊದಲು ಹೋಗಿದ್ದು ಕ್ವಿನ್ಸಿಗೆ. ಇಲ್ಲಿ ಆಡಮ್ಸ್ ಮನೆತನದ ಎರಡು ಹಳೇ ಮನೆಗಳು ಒಂದೇ ಅಂಗಳದಲ್ಲಿ ನಿಂತಿವೆ. ನಡುವೆ 75 ಅಡಿ ಅಂತರ. ಒಂದರಲ್ಲಿ ಅಮೆರಿಕದ ಎರಡನೇ ಅಧ್ಯಕ್ಷ ಜಾನ್ ಆಡಮ್ಸ್ 1735ರಲ್ಲಿ ಹುಟ್ಟಿದರು. ಇನ್ನೊಂದರಲ್ಲಿ ಅವರ ಮಗ, ಆರನೇ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ 1767ರಲ್ಲಿ ಹುಟ್ಟಿದರು. ಹಿರಿಯ ಆಡಮ್ಸ್‌ರ ಅಪ್ಪ ಬೇಸಿಗೆಯಲ್ಲಿ ಹೊಲ ಉಳುತ್ತಿದ್ದರು, ಚಳಿಗಾಲದಲ್ಲಿ ಚಪ್ಪಲಿ ಬೂಟು ಹೊಲಿಯುತ್ತಿದ್ದರು. ಮಗ ಓದಿ ವಕೀಲನಾದ. ಎರಡನೇ ಮನೆಯಲ್ಲೇ ಕಚೇರಿ ಇಟ್ಟ. 1779ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸಂವಿಧಾನದ ಕರಡು ಸಿದ್ಧವಾಗಿದ್ದು ಅಲ್ಲೇ. ಆ ಸಂವಿಧಾನ ಇವತ್ತಿಗೂ ಜಾರಿಯಲ್ಲಿದೆ.

ಅಲ್ಲಿಂದ ಸ್ವಲ್ಪ ದೂರದಲ್ಲಿ ಆಡಮ್ಸ್ ದಂಪತಿ 1788ರಲ್ಲಿ ಬಂದು ನೆಲೆಸಿದ ದೊಡ್ಡ ಮನೆ ಇದೆ. ಅದನ್ನು 1731ರಲ್ಲಿ ಕಟ್ಟಿಸಿದ್ದು ಲೆನರ್ಡ್ ವ್ಯಾಸಲ್ ಎಂಬಾತ, ಜಮೈಕಾದಲ್ಲಿ ಕಬ್ಬಿನ ತೋಟ ಇದ್ದವನು. ಲಂಡನ್ನಿನಲ್ಲಿ ವರ್ಷಗಟ್ಟಲೆ ಇದ್ದು ಬಂದ ಅಬಿಗೇಲ್ ಆಡಮ್ಸ್‌ಗೆ ಆ ಮನೆ ಪುಟ್ಟ ಹಕ್ಕಿಯ ಗೂಡಿನಂತೆ ಕಂಡಿತಂತೆ. ಆಮೇಲೆ ಬೆಳೆಸಿದರು, ಕೋಣೆ ಸೇರಿಸಿದರು. ನಾಲ್ಕು ತಲೆಮಾರು 1927ರವರೆಗೆ ಅಲ್ಲಿ ಬಾಳಿತು.

ಅಮ್ಮ ಹೊರಗೆ ಗುಲಾಬಿ ಗಿಡದ ಹತ್ತಿರ ತುಂಬ ಹೊತ್ತು ನಿಂತಳು. ಅಬಿಗೇಲ್ ಇಂಗ್ಲೆಂಡಿನಿಂದ ತಂದು ನೆಟ್ಟ ಬುಡ ಅದು ಎನ್ನುತ್ತಾರೆ. "ಮನೆಗಿಂತ ಇದನ್ನ ಉಳಿಸೋದು ಕಷ್ಟ," ಅಂದಳು. ಕಾರು ಹತ್ತುವಾಗ ಮಾತ್ರ, "ಇದು ದೊಡ್ಡವರ ಮನೆ. ನಾನು ಕೇಳಿದ್ದು ರೈತರ ಮನೆ," ಎಂದಳು.

ಎರಡನೇ ದಿನ: ಡೆಡಮ್

ಬಾಸ್ಟನ್‌ನಿಂದ ನೈಋತ್ಯಕ್ಕೆ ಸುಮಾರು 15 ಕಿಲೋಮೀಟರ್. ಮಾಮೂಲಿ ಬಡಾವಣೆ, ಮಾಮೂಲಿ ರಸ್ತೆ. ಮೂಲೆ ತಿರುಗಿದರೆ ಹುಲ್ಲಿನ ಮೇಲೆ ಒಂದು ಕಂದು ಮನೆ. ಚಾವಣಿಯ ನೆತ್ತಿ ಮಧ್ಯದಲ್ಲಿ ಕುಸಿದು, ಮುದಿ ಎಮ್ಮೆಯ ಬೆನ್ನಿನಂತೆ ಬಾಗಿದೆ. ನಟ್ಟನಡುವೆ ದಪ್ಪ ಇಟ್ಟಿಗೆಯ ಚಿಮಣಿ. ಹಿಂದುಗಡೆ ಚಾವಣಿ ಇಳಿಯುತ್ತಾ ಇಳಿಯುತ್ತಾ ಮನುಷ್ಯನ ತಲೆಯ ಮಟ್ಟಕ್ಕೆ ಬರುತ್ತದೆ. ಎಡಬಲಕ್ಕೆ ಆಮೇಲೆ ಅಂಟಿಸಿದ ಎರಡು ಭಾಗ. ನೇರ ಗೆರೆ ಎಂಬುದು ಎಲ್ಲೂ ಇಲ್ಲ.

ಅಮ್ಮ ಕಾರಿನ ಬಾಗಿಲು ತೆಗೆದವಳೇ, "ಹಾಂ," ಅಂದಳು.

ಇದು ಫೇರ್‌ಬ್ಯಾಂಕ್ಸ್ ಮನೆ. ಉತ್ತರ ಅಮೆರಿಕದಲ್ಲಿ ಇನ್ನೂ ನಿಂತಿರುವ ಮರದ ಚೌಕಟ್ಟಿನ ಮನೆಗಳಲ್ಲಿ ಎಲ್ಲಕ್ಕಿಂತ ಹಳೆಯದು. ಜೊನಾಥನ್ ಫೇರ್‌ಬ್ಯಾಂಕ್ಸ್, ಹೆಂಡತಿ ಗ್ರೇಸ್, ಆರು ಮಕ್ಕಳು 1633ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆಯಿಂದ ಹಡಗಿನಲ್ಲಿ ಬಂದಿಳಿದರು. ಜೊನಾಥನ್ ನೂಲುವ ರಾಟೆಯ ಚಕ್ರ ಮಾಡುತ್ತಿದ್ದ. ಡೆಡಮ್ ಊರು ಹುಟ್ಟಿದ್ದು 1636ರಲ್ಲಿ. ಅದಕ್ಕೂ ಮೊದಲು ಈ ಕಡೆಯೆಲ್ಲ ಮ್ಯಾಸಚೂಸೆಟ್ ಎಂಬ ಮೂಲನಿವಾಸಿಗಳ ನೆಲ. ರಾಜ್ಯಕ್ಕಿರುವುದು ಅವರದೇ ಹೆಸರು. ಹೊಸ ಊರಿನ ಕರಾರು ಪತ್ರಕ್ಕೆ ಜೊನಾಥನ್ ಕೂಡ ಸಹಿ ಹಾಕಿದ, ಜಮೀನು ಪಡೆದ, ಮನೆ ಕಟ್ಟಿದ.

ಯಾವಾಗ ಕಟ್ಟಿದ ಎಂಬುದಕ್ಕೆ ಸಾಕ್ಷಿ ಹೇಳಿದ್ದು ಮರವೇ. ತೊಲೆಗೆ ಸಣ್ಣ ಕೊಳವೆಯಂಥ ಡ್ರಿಲ್ ಹಾಕಿ ಪೆನ್ಸಿಲ್ ದಪ್ಪದ ಕಡ್ಡಿಯೊಂದನ್ನು ಹೊರಗೆ ತೆಗೆಯುತ್ತಾರೆ. ಅದರಲ್ಲಿ ಮರದ ಉಂಗುರಗಳು ಸಾಲಾಗಿ ಕಾಣುತ್ತವೆ. ಚೆನ್ನಾಗಿ ಬೆಳೆದ ವರ್ಷ ಅಗಲ, ಬರ ಬಂದ ವರ್ಷ ಕಿರಿದು. ಈ ಸಾಲನ್ನು ಆ ಸೀಮೆಯ ಬೇರೆ ಮರಗಳ ಸಾಲಿನ ಜೊತೆ ಹೊಂದಿಸಿದರೆ ಮರ ಕಡಿದ ವರ್ಷ ಸಿಗುತ್ತದೆ. ಆಗಿನವರು ಓಕ್ ಮರವನ್ನು ಒಣಗಲು ಬಿಡದೆ, ಹಸಿಯಿರುವಾಗಲೇ ಕೆತ್ತಿ ಜೋಡಿಸುತ್ತಿದ್ದರು. ಹಾಗಾಗಿ ಕಡಿದ ವರ್ಷ ಗೊತ್ತಾದರೆ ಕಟ್ಟಿದ ಕಾಲವೂ ಗೊತ್ತಾದ ಹಾಗೆ. ಸಿಕ್ಕ ಲೆಕ್ಕ 1637ರಿಂದ 1641. ಅಮ್ಮನ ಊರ ಕಡೆ ಆಗ ಕೆಳದಿ ಅರಸರ ಕಾಲ. ಶಿವಪ್ಪ ನಾಯಕ 1645ರಲ್ಲಿ ಪಟ್ಟಕ್ಕೆ ಬರುವ ಮೊದಲೇ ಈ ತೊಲೆ ಇಲ್ಲಿ ಏರಿತ್ತು. ನಾನು ಇದನ್ನು ಹೇಳಿದಾಗ ಅಮ್ಮನಿಗೆ ಮೈ ಜುಂ ಅಂದಿತು. ನನಗೂ.

ಬಾಗಿಲು ಗಿಡ್ಡ. ಭಾವ ಬಗ್ಗಿದರು, ಅಮ್ಮ ಬಗ್ಗದೆ ಒಳಗೆ ಹೋದಳು. ಒಳಗೆ ಕಾಲಿಟ್ಟರೆ ಎದುರಿಗೇ ಚಿಮಣಿಯ ಬೆನ್ನು. ಅದರ ಎರಡೂ ಕಡೆ ಒಂದೊಂದು ಕೋಣೆ, ಮೇಲೆ ಎರಡು. ಇಷ್ಟೇ ಮೊದಲ ಮನೆ. ಒಂದು ಕಡೆ ಅಡುಗೆ, ಊಟ, ನೂಲು, ಕೆಲಸ ಎಲ್ಲ. ಇನ್ನೊಂದು ಕಡೆ ಯಜಮಾನ, ಯಜಮಾನತಿಯ ಹಾಸಿಗೆ ಮತ್ತು ಮನೆಯ ಒಳ್ಳೆ ಸಾಮಾನು. ಚಿಮಣಿ ನಡುವೆ ಇರುವುದರಿಂದ ಒಂದೇ ಬೆಂಕಿಯ ಕಾವು ಗೋಡೆಗೆ ಹತ್ತಿ ಮನೆಯೆಲ್ಲ ಬೆಚ್ಚಗಿರುತ್ತಿತ್ತು. ಇಲ್ಲಿನ ಚಳಿಗೆ ಅದಿಲ್ಲದೆ ಬದುಕುವ ಹಾಗೇ ಇರಲಿಲ್ಲ.

ಅಮ್ಮ ಕತ್ತೆತ್ತಿ ತೊಲೆ ನೋಡುತ್ತಿದ್ದಳು. ಕೋಣೆಯ ಉದ್ದಕ್ಕೂ ಒಂದೇ ಮರದ ತೊಲೆ, ಕಾಫಿ ಡಿಕಾಕ್ಷನ್ ಬಣ್ಣ. ಅದರ ಮೇಲೆ ಅಡ್ಡಡ್ಡ ಸಣ್ಣ ಸಣ್ಣ ತಗ್ಗುಗಳು. "ಬಾಚಿ ಏಟು," ಅಂದಳು. "ನೋಡು, ಆಚಾರಿ ಈ ಕಡೆ ನಿಂತು ಕೆತ್ತಿದಾನೆ. ಇಲ್ಲಿಗೆ ಬಂದಾಗ ಸುಸ್ತಾಗಿದೆ, ಏಟು ಹಗುರ ಬಿದ್ದಿದೆ." ನಾನು ಅಕ್ಕ ಇಬ್ಬರೂ ಹತ್ತಿರ ಹೋಗಿ ನೋಡಿದೆವು. ನಿಜ, ತೊಲೆಯ ಒಂದು ತುದಿಯಲ್ಲಿ ತಗ್ಗುಗಳು ಆಳವಾಗಿ ದೂರ ದೂರ ಇವೆ. ಇನ್ನೊಂದು ತುದಿಯಲ್ಲಿ ತೆಳ್ಳಗೆ, ಒತ್ತೊತ್ತಾಗಿ. ಮನೆ ತೋರಿಸುತ್ತಿದ್ದ ಹೆಂಗಸಿಗೆ ಅಕ್ಕ ಇದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಆಕೆ ಕೈಯಲ್ಲಿದ್ದ ಟಾರ್ಚನ್ನು ಅಮ್ಮನ ಕೈಗೇ ಕೊಟ್ಟುಬಿಟ್ಟರು.

ಆಮೇಲೆ ಟಾರ್ಚ್ ಅಮ್ಮನದೇ. ಗೋಡೆ ಒಡೆದು ತೋರಿಸಿದ ಜಾಗದಲ್ಲಿ ಕಡ್ಡಿ ಹೆಣೆದು ಮಣ್ಣು ಮೆತ್ತಿದ್ದು ಕಂಡಿತು. "ತಟ್ಟಿ ಗೋಡೆ! ನಮ್ಮಲ್ಲಿ ಬಿದಿರು, ಇವರದು ಬೇರೆ ಕಡ್ಡಿ, ಅಷ್ಟೇ ಅಲ್ವಾ." ಒಲೆಯ ಹತ್ತಿರ ಮರದ ಮೇಲೆ ಗೀಚಿದ ಗುರುತುಗಳಿದ್ದವು. ಕೆಟ್ಟದ್ದು ಚಿಮಣಿಯ ದಾರಿಯಿಂದ ಮನೆಯೊಳಗೆ ಇಳಿಯಬಾರದೆಂದು ಮಾಡಿದವು. ಅದೇ ಕಾರಣಕ್ಕೆ ಹಳೇ ಬೂಟನ್ನೂ ಮನೆಯೊಳಗೆ ಬಚ್ಚಿಡುತ್ತಿದ್ದರು. ಇದಕ್ಕೆ ಅಮ್ಮನಿಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ. ನಮ್ಮ ಲಾರಿಗಳ ಹಿಂದೆ ಹಳೇ ಚಪ್ಪಲಿ ನೇತಾಡುವುದು ಇನ್ಯಾತಕ್ಕೆ?

ಇನ್ನು ಈ ಮನೆ ಉಳಿದ ಕಥೆ. ಇದನ್ನು ನಾನು ಊರಿಗೆ ಬಂದ ಮೇಲೂ ಎಷ್ಟೋ ಜನರಿಗೆ ಹೇಳಿದ್ದೇನೆ.

ಜೊನಾಥನ್ 1668ರಲ್ಲಿ ತೀರಿಕೊಂಡಾಗ ಊರಿನವರು ಕೋಣೆ ಕೋಣೆ ಹೊಕ್ಕು ಸಾಮಾನಿನ ಪಟ್ಟಿ ಬರೆದರು. ಮನೆ ದೊಡ್ಡ ಮಗ ಜಾನ್‌ಗೆ ಹೋಯಿತು. ಹೀಗೆ ಜೊನಾಥನ್‌ನಿಂದ ಹಿಡಿದು ಎಂಟು ತಲೆಮಾರು ಅದೇ ಮನೆಯಲ್ಲಿ. ಹಿಂದಿನ ಇಳಿಜಾರು ಭಾಗ ಸೇರಿತು, ಪಕ್ಕದ ಕೋಣೆಗಳು ಸೇರಿದವು. ಹಳೆಯದನ್ನು ಯಾರೂ ಕೆಡವಲಿಲ್ಲ. 19ನೇ ಶತಮಾನಕ್ಕೆ ಬಂದಾಗ ಮನೆ ಮದುವೆಯಾಗದ ಅಕ್ಕತಂಗಿಯರ ಪಾಲಿಗೆ ಬಂತು. ಅವರ ನಂತರ ಅಣ್ಣನ ಕಡೆಯ ಹುಡುಗಿ ರೆಬೆಕ್ಕಾ. ಆಕೆಗೂ ಮದುವೆಯಿಲ್ಲ. ಊರೆಲ್ಲ ಹೊಸ ಒಲೆ, ನಲ್ಲಿ, ದೊಡ್ಡ ಕಿಟಕಿ ಹಾಕಿಸುತ್ತಿದ್ದ ಕಾಲ. ಈ ಹೆಂಗಸರ ಕೈಯಲ್ಲಿ ದುಡ್ಡಿರಲಿಲ್ಲ. ಇದ್ದಿದ್ದನ್ನೇ ಗುಡಿಸಿ ಸಾರಿಸಿ ಬಾಳಿದರು. ಆ ಕಾರಣಕ್ಕೇ ತೊಲೆ, ಕಂಬ, ಮಣ್ಣಿನ ಗೋಡೆ ಎಲ್ಲ ಇದ್ದಲ್ಲೇ ಇವೆ.

1892ರಲ್ಲಿ ಮನೆಗೆ ಸಿಡಿಲು ಬಡಿಯಿತು. ರೆಬೆಕ್ಕಾ ಬದುಕಿದಳು, ಸಾಕಿದ ನಾಯಿ ಸತ್ತಿತು. ಆಮೇಲೂ ಅಲ್ಲೇ ಇದ್ದಳು. ಕೊನೆಗೆ ಕಷ್ಟಕ್ಕೆ ಮನೆ ಮಾರಬೇಕಾಯಿತು. ಆಗ ದೇಶದ ಬೇರೆ ಬೇರೆ ಕಡೆ ಚದುರಿದ್ದ ಫೇರ್‌ಬ್ಯಾಂಕ್ಸ್ ವಂಶದವರು ಒಟ್ಟಾಗಿ ಒಂದು ಸಂಘ ಕಟ್ಟಿದರು. 1904ರಲ್ಲಿ ಮನೆ ಮತ್ತೆ ಅವರ ಕೈಗೆ ಬಂತು. ಇವತ್ತಿಗೂ ಆ ಸಂಘದ್ದೇ. ಸರ್ಕಾರದ್ದಲ್ಲ, ಕಂಪನಿಯದ್ದಲ್ಲ, ವಂಶದವರದ್ದು. ಚಾವಣಿ ಸೋರಿದರೆ ಅವರೇ ವಂತಿಗೆ ಎತ್ತಬೇಕು.

ಹೊರಗೆ ಬಂದು ಅಮ್ಮ ಹುಲ್ಲಿನ ಮೇಲೆ ಕೂತಳು. ನಾವೂ ಕೂತೆವು. ಸ್ವಲ್ಪ ಹೊತ್ತಾದ ಮೇಲೆ, "ನಮ್ಮದೂ ಇರ್ತಿತ್ತು," ಅಂದಳು.

ಅಮ್ಮನ ತವರು ಶರಾವತಿ ಕಣಿವೆಯಲ್ಲಿತ್ತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ನಮ್ಮ ಕಡೆ ಅದಕ್ಕೆ ಒಂದೇ ಪದ, ಮುಳುಗಡೆ. ಅಮ್ಮನಿಗೆ ಆಗ ಹತ್ತು ವರ್ಷ. ಹೆಂಚು, ಬಾಗಿಲು, ಆದಷ್ಟು ಕಂಬ ಬಿಚ್ಚಿ ಗಾಡಿಗೆ ಹೇರಿದರಂತೆ. ಮುಂಬಾಗಿಲು ಈಗ ಸಾಗರದ ಹತ್ತಿರ ಮಾವನ ಮನೆಯಲ್ಲಿದೆ. ಮಿಕ್ಕಿದ್ದು ನೀರೊಳಗೆ.

ಇಷ್ಟು ವರ್ಷ ಅಮ್ಮ ಆ ಮನೆಯ ಬಗ್ಗೆ ಮಾತಾಡಿದ್ದು ಕಡಿಮೆ. ಅವತ್ತು ವಾಪಸು ಬರುವ ದಾರಿಯುದ್ದಕ್ಕೂ ಮಾತಾಡಿದಳು.

ಮೂರನೇ ದಿನ: ಡ್ಯಾನ್ವರ್ಸ್

ಬೆಳಗಿನಿಂದ ಸಣ್ಣ ಮಳೆ. ಬಾಸ್ಟನ್‌ನ ಉತ್ತರಕ್ಕೆ ಹೋದೆವು. ಡ್ಯಾನ್ವರ್ಸ್ ಊರಿನ ಹಳೇ ಹೆಸರು ಸೇಲಂ ವಿಲೇಜ್. 1692ರಲ್ಲಿ ಜನರನ್ನು ಮಾಟಗಾತಿಯರೆಂದು ದೂರುವುದು ಶುರುವಾಗಿದ್ದು ಈ ಊರಿನಲ್ಲೇ. ಗಲ್ಲಿಗೇರಿಸಿದ್ದು ಪಕ್ಕದ ಸೇಲಂನಲ್ಲಿ. ಆ ಪಟ್ಟಣದಲ್ಲಿ ಈಗ ಅಕ್ಟೋಬರ್ ಪೂರ್ತಿ ಮಾಟಗಾತಿ ಟೋಪಿ, ಪೊರಕೆಗಳ ಜಾತ್ರೆ. ನನಗೆ ಅದು ಹಿಡಿಸಲಿಲ್ಲ. ಸತ್ತವರು ನಿಜವಾದ ಮನುಷ್ಯರು.

ರೆಬೆಕ್ಕಾ ನರ್ಸ್ ಮನೆ ಆ ಗದ್ದಲದಿಂದ ದೂರ ಇದೆ. ಕಲ್ಲಿನ ಬೇಲಿ, ಒದ್ದೆ ಹುಲ್ಲು, ದಿಬ್ಬದ ಮೇಲೆ ಹಿಂದಕ್ಕೆ ಇಳಿಬಿದ್ದ ಚಾವಣಿಯ ಕಪ್ಪು ಮನೆ. ಗಂಡ ಫ್ರಾನ್ಸಿಸ್ ನರ್ಸ್ ಮರದ ತಟ್ಟೆ ಪಾತ್ರೆ ಮಾಡುತ್ತಿದ್ದವನು. 1678ರಲ್ಲಿ 300 ಎಕರೆ ಜಮೀನನ್ನು ಕಂತಿನ ಕರಾರಿನ ಮೇಲೆ ಹಿಡಿದ. ಮಕ್ಕಳು ಅಳಿಯಂದಿರು ಎಲ್ಲ ಸೇರಿ ದುಡಿದರು. ಈಗ ಸುಮಾರು 27 ಎಕರೆ ಉಳಿದಿದೆ.

1692ರ ಮಾರ್ಚ್‌ನಲ್ಲಿ ರೆಬೆಕ್ಕಾಳನ್ನು ಹಿಡಿದುಕೊಂಡು ಹೋದಾಗ ಆಕೆಗೆ 71 ವರ್ಷ. ಕಾಯಿಲೆ ಬಿದ್ದು ಮಲಗಿದ್ದಳು. ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ನ್ಯಾಯಾಲಯದಲ್ಲಿ ಪಂಚರು ಮೊದಲು ನಿರಪರಾಧಿ ಎಂದೇ ಹೇಳಿದರು. ದೂರು ಕೊಟ್ಟವರು ಚೀರಾಡಿದರು, ನ್ಯಾಯಾಧೀಶರು ಇನ್ನೊಮ್ಮೆ ಯೋಚಿಸಿ ಎಂದರು. ಪಂಚರು ಆಕೆ ಆಡಿದ ಒಂದು ಮಾತಿಗೆ ವಿವರಣೆ ಕೇಳಿದರು. ಆಕೆಗೆ ಪ್ರಶ್ನೆಯೇ ಕೇಳಿಸಲಿಲ್ಲ, ಸುಮ್ಮನೆ ನಿಂತಿದ್ದಳು. ಆ ಮೌನವನ್ನೇ ಒಪ್ಪಿಗೆ ಎಂದುಕೊಂಡು ಅಪರಾಧಿ ಎಂದರು. ಜುಲೈ 19ಕ್ಕೆ ಗಲ್ಲು. ತಂಗಿ ಮೇರಿ ಈಸ್ಟಿಗೂ ಸೆಪ್ಟೆಂಬರ್‌ನಲ್ಲಿ ಅದೇ ಗತಿಯಾಯಿತು.

ಇದನ್ನು ಕೇಳುವಾಗ ಅಕ್ಕ ಅಮ್ಮನ ಕೈ ಹಿಡಿದುಕೊಂಡಳು. ಅಮ್ಮನಿಗೂ ಎಡಗಿವಿ ಮಂದ.

ಮನೆಯೊಳಗೆ ನಾವು ಜಾಸ್ತಿ ಹೊತ್ತು ಇರಲಿಲ್ಲ. ಹಿಂದಿನ ಹೊಲದ ದಾರಿಯಲ್ಲಿ ಪೈನ್ ಮರಗಳ ನೆರಳಲ್ಲಿ ಮನೆತನದ ಸಮಾಧಿಗಳಿವೆ. ಗಲ್ಲಿಗೇರಿದವರಿಗೆ ಆಗ ಸರಿಯಾದ ಸಮಾಧಿ ಇರಲಿಲ್ಲ. ಮಕ್ಕಳು ರಾತ್ರಿ ಹೊತ್ತು ಹೋಗಿ ತಾಯಿಯ ದೇಹ ತಂದು ಈ ಹೊಲದಲ್ಲೇ ಮಣ್ಣು ಮಾಡಿದರು ಎಂದು ವಂಶದವರು ಹೇಳಿಕೊಂಡು ಬಂದಿದ್ದಾರೆ. 1885ರಲ್ಲಿ ಅಲ್ಲಿ ಆಕೆಯ ಹೆಸರಿನ ಕಲ್ಲು ನಿಲ್ಲಿಸಿದರು. ಕೆಲವು ವರ್ಷ ಬಿಟ್ಟು ಪಕ್ಕದಲ್ಲಿ ಇನ್ನೊಂದು ಕಲ್ಲು ಬಂತು. ಅದು ನೆರೆಹೊರೆಯವರದು. ರೆಬೆಕ್ಕಾ ಒಳ್ಳೆಯವಳು, ಇಂಥದ್ದು ಮಾಡುವವಳಲ್ಲ ಎಂದು 1692ರಲ್ಲೇ 39 ಜನ ಅರ್ಜಿಗೆ ಸಹಿ ಹಾಕಿದ್ದರು. ಆ ದಿನಗಳಲ್ಲಿ ಹಾಗೆ ಸಹಿ ಹಾಕಿದವರ ಕುತ್ತಿಗೆಗೂ ಹಗ್ಗ ಬರಬಹುದಿತ್ತು. ಆದರೂ ಹಾಕಿದರು. ಅವರ ಹೆಸರುಗಳು ಕಲ್ಲಿನ ಮೇಲಿವೆ.

ಅಮ್ಮನಿಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬರುತ್ತದೆ. ಮಳೆಯಲ್ಲೇ ನಿಂತು, ಬೆರಳಿಟ್ಟು, ಒಂದೊಂದೇ ಹೆಸರು ಓದಿದಳು. ಭಾವ ಪೂರ್ತಿ ಹೊತ್ತು ಕೊಡೆ ಹಿಡಿದರು. "ಅತ್ತೆ, ಚಳಿ ಆಗುತ್ತೆ," ಎಂದರೂ ಕೇಳಲಿಲ್ಲ.

ನಾಲ್ಕನೇ ದಿನ: ಮೆಡ್‌ಫರ್ಡ್

ಈ ಮನೆಗೆ ಹೋಗಬೇಕೆಂದು ಹಟ ಹಿಡಿದವಳು ಅಕ್ಕನ ಮಗಳು. ಹೈಸ್ಕೂಲಿನಲ್ಲಿ ಇದರ ಮೇಲೆ ಪ್ರಾಜೆಕ್ಟ್ ಮಾಡಿದ್ದಳು. "ಅಜ್ಜಿ, ಮೂರು ದಿನ ನೋಡಿದ್ದು ಅರ್ಧ ಕಥೆ. ಇವತ್ತು ಬಾ," ಎಂದಳು.

ಐಸಾಕ್ ರಾಯಲ್ ಎಂಬ ಶ್ರೀಮಂತ ಕೆರಿಬಿಯನ್‌ನ ಆಂಟಿಗುವಾ ದ್ವೀಪದಲ್ಲಿ ಕಬ್ಬಿನ ತೋಟದಿಂದ ದುಡ್ಡು ಮಾಡಿದವನು. 1732ರಲ್ಲಿ ಮೆಡ್‌ಫರ್ಡ್‌ನಲ್ಲಿ ಜಮೀನು ಕೊಂಡು, ಅಲ್ಲಿದ್ದ ಮನೆಯನ್ನು ದೊಡ್ಡದು ಮಾಡಿಸಿದ. 1737ರಲ್ಲಿ ಸಂಸಾರ ಸಮೇತ ಬಂದ. ಜೊತೆಗೆ 27 ಜನ ಗುಲಾಮರನ್ನು ಕರೆತಂದ. ಒಟ್ಟು 60ಕ್ಕೂ ಹೆಚ್ಚು ಗುಲಾಮರು ಈ ಜಮೀನಿನಲ್ಲಿ ದುಡಿದರು. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಗುಲಾಮಗಿರಿ ಇರಲೇ ಇಲ್ಲ ಎಂದು ನಾನು ಅಂದುಕೊಂಡಿದ್ದೆ. ತಪ್ಪು. ಮ್ಯಾಸಚೂಸೆಟ್ಸ್ ಅದನ್ನು ಕಾನೂನಿನಲ್ಲಿ ಬರೆದುಕೊಂಡಿದ್ದು 1641ರಲ್ಲಿ. ಅಂದರೆ ಡೆಡಮ್‌ನ ಮನೆ ಎದ್ದು ನಿಂತ ದಿನಗಳಲ್ಲೇ.

ಯಜಮಾನನ ಮನೆ ಮೂರಂತಸ್ತು, ಚಿತ್ತಾರದ ಕಿಟಕಿಗಳು. ಕೆಲವೇ ಹೆಜ್ಜೆ ಆಚೆ ಇನ್ನೊಂದು ಕಟ್ಟಡ, ಅರ್ಧ ಇಟ್ಟಿಗೆ, ಅರ್ಧ ಹಲಗೆ. ಅದು ಗುಲಾಮರ ಬಿಡಾರ. ಉತ್ತರದ ರಾಜ್ಯಗಳಲ್ಲಿ ಇಂಥದ್ದು ಉಳಿದಿರುವುದು ಇದೊಂದೇ.

ಇಲ್ಲಿ ದುಡಿದವಳು ಬೆಲಿಂಡಾ ಸಟನ್. ಆಫ್ರಿಕಾದಲ್ಲಿ ಹುಡುಗಿಯಾಗಿದ್ದಾಗ ಹಿಡಿದು ತಂದಿದ್ದರು. ಯಜಮಾನನ ಮಗ ಕಿರಿಯ ಐಸಾಕ್ ಬ್ರಿಟಿಷರ ಪರ ಇದ್ದವನು. 1775ರಲ್ಲಿ ಯುದ್ಧ ಶುರುವಾಗುವ ಹೊತ್ತಿಗೆ ಮನೆ ಬಿಟ್ಟು ಹೋದ, ಇಂಗ್ಲೆಂಡಿನಲ್ಲಿ ಸತ್ತ. 1783ರಲ್ಲಿ ಬೆಲಿಂಡಾ ಮ್ಯಾಸಚೂಸೆಟ್ಸ್ ಶಾಸನಸಭೆಗೆ ಅರ್ಜಿ ಹಾಕಿದಳು. ಐವತ್ತು ವರ್ಷ ದುಡಿದಿದ್ದೇನೆ, ಈ ಆಸ್ತಿಯಲ್ಲಿ ನನ್ನ ಬೆವರಿದೆ, ನನಗೂ ನನ್ನ ಕಾಯಿಲೆಯ ಮಗಳಿಗೂ ಅದರಿಂದ ಪಾಲು ಕೊಡಿ ಎಂಬುದು ಅದರ ಸಾರ. ಓದು ಬರಹ ಬಾರದ ಆಕೆ ಕೆಳಗೆ ಗುರುತು ಹಾಕಿದಳು. ಸಭೆ ಒಪ್ಪಿತು. ವರ್ಷಕ್ಕೆ 15 ಪೌಂಡ್ 12 ಶಿಲಿಂಗ್. ಒಂದು ಸಲ ಕೊಟ್ಟರು, ಆಮೇಲೆ ನಿಂತಿತು. ಮತ್ತೆ ಅರ್ಜಿ ಹಾಕಿದಳು, ಮತ್ತೂ ಹಾಕಿದಳು.

ಭಾವನಿಗೆ ಇನ್ನೊಂದು ವಿಷಯ ಗೊತ್ತಿತ್ತು. ಕಿರಿಯ ಐಸಾಕ್ ಬರೆದಿಟ್ಟ ಆಸ್ತಿಯಿಂದಲೇ ಹಾರ್ವರ್ಡ್‌ನಲ್ಲಿ ಕಾನೂನಿನ ಮೊದಲ ಪ್ರಾಧ್ಯಾಪಕ ಹುದ್ದೆ ಶುರುವಾಗಿದ್ದು. ಅಲ್ಲಿನ ಕಾನೂನು ಶಾಲೆಯ ಲಾಂಛನದಲ್ಲಿ ರಾಯಲ್ ಮನೆತನದ ಮೂರು ಗೋಧಿ ಸಿವುಡುಗಳಿದ್ದವು. ವಿದ್ಯಾರ್ಥಿಗಳು ಪಟ್ಟು ಹಿಡಿದ ಮೇಲೆ 2016ರಲ್ಲಿ ತೆಗೆದರು.

ಅಮ್ಮ ಬಿಡಾರದ ಗೋಡೆಗೆ ಟಾರ್ಚ್ ಬಿಡಲಿಲ್ಲ, ತೊಲೆ ನೋಡಲಿಲ್ಲ. "ಎಲ್ಲರ ಹೆಸರೂ ಸಿಕ್ಕಿದೆಯಾ?" ಎಂದು ಕೇಳಿದಳು. ಮೊಮ್ಮಗಳು ಫೋನಿನಲ್ಲಿ ತೆಗೆದಿಟ್ಟುಕೊಂಡಿದ್ದ ಹೆಸರುಗಳನ್ನು ಓದಿದಳು. ಹಳೇ ದಾಖಲೆ, ಲೆಕ್ಕದ ಪುಸ್ತಕಗಳಿಂದ ಒಂದೊಂದೇ ಹುಡುಕಿ ತೆಗೆದವು.

ರಾತ್ರಿ ಊಟ ಬೇಗ ಮುಗಿಯಿತು. ಅಮ್ಮ ಮೊಮ್ಮಗಳ ಡ್ರಾಯಿಂಗ್ ಪುಸ್ತಕ ತೆಗೆದುಕೊಂಡು ತವರು ಮನೆ ಬರೆಯಲು ಕೂತಳು. ಜಗಲಿ, ಪಡಸಾಲೆ, ದೇವರ ಕೋಣೆ, ಅಡುಗೆಮನೆ, ಬಚ್ಚಲು. ಅಟ್ಟಕ್ಕೆ ಏಣಿ ಎಲ್ಲಿತ್ತು, ಅಜ್ಜಿ ಎಲ್ಲಿ ಮಲಗುತ್ತಿದ್ದಳು, ಅಡಿಕೆ ಸುಲಿಯಲು ಯಾವ ಮೂಲೆಯಲ್ಲಿ ಕೂರುತ್ತಿದ್ದರು, ಎಲ್ಲ ಬರೆದಳು. ಅಂಗಳ ದಾಟಿ ಕೊಟ್ಟಿಗೆ. ಕೊಟ್ಟಿಗೆಯ ಎತ್ತುಗಳ ಹೆಸರೂ ಬರೆದಳು, ರಾಮ, ಲಕ್ಷ್ಮಣ. ತೋಟದ ಅಂಚಿಗೆ ಒಂದು ಚಿಕ್ಕ ಚೌಕ ಹಾಕಿದಳು. ಪೆನ್ಸಿಲ್ ಅಲ್ಲೇ ನಿಂತಿತು.

"ಇಲ್ಲಿ ಒಂದು ಸಂಸಾರ ಇತ್ತು. ಗಂಡ ಹೆಂಡತಿ, ಎರಡು ಮಕ್ಕಳು. ತೋಟಕ್ಕೆ ಅವರೇ ದುಡೀತಿದ್ದಿದ್ದು. ಆ ಹುಡುಗಿ ಜೊತೆ ನಾನು ಕುಂಟೆಬಿಲ್ಲೆ ಆಡ್ತಿದ್ದೆ. ಮುಳುಗಡೆ ಆದಾಗ ನಮಗೆ ಬೇರೆ ಕಡೆ ಜಮೀನು ಕೊಟ್ಟರು. ಅವರು ಎಲ್ಲಿಗೆ ಹೋದರೋ." ತುಂಬ ಹೊತ್ತು ಹಾಳೆ ನೋಡಿದಳು. "ಎತ್ತಿನ ಹೆಸರು ನೆನಪಿದೆ. ಅವಳ ಹೆಸರು ನೆನಪಿಲ್ಲ ನೋಡೇ."

ಗಂಟೆ ಎಂಟೂವರೆ. ಊರಲ್ಲಿ ಬೆಳಗ್ಗೆ ಆರು. ಮಾವ ಎದ್ದು ಹಂಡೆಗೆ ಬೆಂಕಿ ಹಾಕುವ ಹೊತ್ತು. ಅಮ್ಮ ಫೋನು ನನ್ನ ಕೈಗೆ ಕೊಟ್ಟು ನಂಬರ್ ಒತ್ತು ಎಂದಳು. ನಾಲ್ಕು ಸಲ ರಿಂಗ್ ಆಯಿತು. ಆ ಕಡೆ ಮಾವನ ಕೆಮ್ಮು, ಆಮೇಲೆ "ಹಲೋ" ಎಂಬ ದನಿ.

"ಅಣ್ಣಾ, ನಾನು," ಅಂದಳು ಅಮ್ಮ. "ಎಲ್ಲ ಆರಾಮು. ಒಂದು ಹೆಸರು ಬೇಕಿತ್ತು. ಆ ತೋಟದ ಮನೆಯವರ ಹುಡುಗಿ ಇದ್ದಳಲ್ಲ..."